ಆಸ್ತಮಾ ಇರುವ 9 ವರ್ಷದ ಮಗ: ಇನ್ಹೇಲರ್ ಜವಾಬ್ದಾರಿ ಅವನಿಗೇ ಬಿಡಬಹುದಾ? ಹೇಗೆ ಕಲಿಸುವುದು?

ನೀಲಿಹಕ್ಕಿ
ಎಲ್ಲರಿಗೂ ನಮಸ್ಕಾರ. ಮಗನಿಗೆ 9 ವರ್ಷ, ಆಸ್ತಮಾ ಇದೆ. ದಿನಾ ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳಲು ಸ್ಟಿರಾಯ್ಡ್ ಇನ್ಹೇಲರ್ ಒಂದು, ಉಸಿರು ಕಟ್ಟಿದಾಗ ತೆಗೆದುಕೊಳ್ಳಲು ನೀಲಿ ಇನ್ಹೇಲರ್ ಒಂದು. ಎರಡಕ್ಕೂ ಸ್ಪೇಸರ್ (ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಬಳಸುತ್ತೇವೆ. ಮೊದಲೆಲ್ಲ ನಾನೇ ಕೊಡುತ್ತಿದ್ದೆ. ಈಗ ಅವನು "ನಾನೇ ತಗೋತೀನಿ, ನೀನು ನಿಂತು ನೋಡಬೇಡಮ್ಮ" ಅಂತಾನೆ. ದೊಡ್ಡವನಾಗುತ್ತಿದ್ದಾನೆ, ಒಳ್ಳೆಯದೇ ಅಂತ ಬಿಟ್ಟೆ. ಮೊನ್ನೆ ಇನ್ಹೇಲರ್ ಮೇಲಿನ ಕೌಂಟರ್ (ಇನ್ನು ಎಷ್ಟು ಸಲ ಒತ್ತಬಹುದು ಅಂತ ತೋರಿಸುವ ಅಂಕಿ) ನೋಡಿದರೆ ನಂಬರ್ ಇಳಿಯಬೇಕಾದಷ್ಟು ಇಳಿದೇ ಇಲ್ಲ. ಕೇಳಿದರೆ "ತಗೊಂಡೆ" ಅಂತಲೇ ಹೇಳುತ್ತಾನೆ. ರಾತ್ರಿ ಕೆಮ್ಮು ಮತ್ತೆ ಶುರುವಾಗಿದೆ.

ಅದಕ್ಕಿಂತ ಹೆದರಿಕೆ ಇನ್ನೊಂದಿದೆ. ಆಟ ಆಡುವಾಗ ಉಸಿರು ಕಟ್ಟಿದರೂ ಯಾರಿಗೂ ಹೇಳಲ್ಲ. ಹೇಳಿದರೆ ಪಕ್ಕಕ್ಕೆ ಕೂರಿಸುತ್ತಾರೆ ಅಂತ ಅವನಿಗೆ ಗೊತ್ತು. ಯಾವ ವಯಸ್ಸಿಗೆ ಎಷ್ಟು ಜವಾಬ್ದಾರಿ ಕೊಡುತ್ತೀರಿ? ಹೆದರಿಸದೆ ಹೇಗೆ ಹೇಳಿಕೊಡುವುದು? ಸುಳ್ಳು ಹೇಳಿದ್ದಕ್ಕೆ ಬೈಯಬೇಕಾ, ಬೇಡವಾ?

ಇಬ್ಬರ ಅಪ್ಪ
9 ವರ್ಷಕ್ಕೆ ಬಹಳ ಬೇಗ ಆಯ್ತು. ಇದೇನು ಹೋಂವರ್ಕ್ ಅಲ್ಲ, ಉಸಿರಿನ ವಿಷಯ. ನಮ್ಮ ಮನೆಯಲ್ಲಿ ಔಷಧಿ ದೊಡ್ಡವರ ಕೈಯಲ್ಲೇ ಇರುತ್ತದೆ.

ಕಾಡುಮಲ್ಲಿಗೆ
@ಇಬ್ಬರ ಅಪ್ಪ, ಒಪ್ಪಲ್ಲ. ಮಗು ಶಾಲೆಯಲ್ಲಿ, ಆಟದ ಬಯಲಲ್ಲಿ, ಗೆಳೆಯರ ಮನೆಯಲ್ಲಿ ಇರುವಾಗ ನಿಮ್ಮ ಕೈ ಎಲ್ಲಿರುತ್ತದೆ? ಅಲ್ಲಿ ಅದಕ್ಕೆ ತನ್ನ ಕೆಲಸ ಗೊತ್ತಿರಬೇಕು ಅಲ್ವಾ?

ಇಬ್ಬರ ಅಪ್ಪ
ಗೊತ್ತಿರಲಿ, ಬೇಡ ಅಂದವರು ಯಾರು? ಆದರೆ ಗೊತ್ತಿರುವುದು ಬೇರೆ, ಪೂರ್ತಿ ಅವನ ಮೇಲೆ ಬಿಡುವುದು ಬೇರೆ. ಕೌಂಟರ್ ಇಳಿದಿಲ್ಲ ಅಂತ ಅವರೇ ಬರೆದಿದ್ದಾರೆ ನೋಡಿ.

ನರ್ಸಕ್ಕ
ನಾನು ಮಕ್ಕಳ ಆಸ್ತಮಾ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಇಬ್ಬರೂ ಹೇಳಿದ್ದರಲ್ಲಿ ಅರ್ಧರ್ಧ ಸರಿ ಇದೆ, ಬಿಡಿಸಿ ಹೇಳುತ್ತೇನೆ.

ಇನ್ಹೇಲರ್ ತೆಗೆದುಕೊಳ್ಳುವುದರಲ್ಲಿ ಮೂರು ಕೆಲಸ ಇದೆ. ಕೈಯಿಂದ ಸರಿಯಾಗಿ ಮಾಡುವುದು, ನೆನಪಿಟ್ಟುಕೊಳ್ಳುವುದು, ಯಾವಾಗ ಬೇಕು ಅಂತ ಗುರುತಿಸಿ ಹೇಳುವುದು. 9 ವರ್ಷದ ಮಗುವಿನ ಕೈ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಮೂರನೆಯದನ್ನೂ ಕಲಿಸಬಹುದು, ಕಲಿಸಲೇಬೇಕು. ನೆನಪಿಟ್ಟುಕೊಳ್ಳುವುದು ಮಾತ್ರ ಇನ್ನೂ ನಿಮ್ಮದೇ. ಹೈಸ್ಕೂಲ್ ಮಕ್ಕಳೇ ಅದರಲ್ಲಿ ಜಾರುತ್ತಾರೆ, ಇವನು ಮರೆತರೆ ಆಶ್ಚರ್ಯ ಏನಿದೆ? "ತಗೊಂಡ್ಯಾ?" ಅಂತ ಕೇಳುವುದನ್ನು ಬಿಟ್ಟುಬಿಡಿ. ಆ ಪ್ರಶ್ನೆ ಕೇಳಿದರೆ "ಹೂಂ" ಅನ್ನುವುದು ಬಹಳ ಸುಲಭ. ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ದಿನದ ಇನ್ಹೇಲರ್ ಇಡಿ. ಮೊದಲು ಪಫ್ (ಇನ್ಹೇಲರ್ ಒಮ್ಮೆ ಒತ್ತಿ ಎಳೆಯುವುದು), ಆಮೇಲೆ ಬ್ರಷ್. ಬಾಯಿ ಮುಕ್ಕಳಿಸುವುದೂ ಅದರಲ್ಲೇ ಆಗಿಹೋಗುತ್ತದೆ. ನೀವು ಅಲ್ಲೇ ಸುಮ್ನೆ ಬಟ್ಟೆ ಮಡಚುತ್ತಾ ನಿಂತಿರಿ, ಸಾಕು.

ಇನ್ನು ಅವನು ಯಾಕೆ ಬಿಡುತ್ತಾನೆ ಅಂತ ಯೋಚಿಸಿ. ಆಸ್ತಮಾದಲ್ಲಿ ಉಸಿರಿನ ಕೊಳವೆಗಳ ಒಳಗೋಡೆ ಊದಿಕೊಂಡಿರುತ್ತದೆ. ಅದರ ಮೇಲೆ ಸುತ್ತಲಿನ ಸ್ನಾಯು ಬಿಗಿದು, ಕಫವೂ ಸೇರಿದರೆ ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ನೀಲಿ ಇನ್ಹೇಲರ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ. ಊತಕ್ಕೆ ಏನೂ ಮಾಡಲ್ಲ. ಊತ ಇಳಿಸುವುದು ದಿನದ ಇನ್ಹೇಲರ್, ಅದಕ್ಕೆ ದಿನಗಳು, ವಾರಗಳು ಬೇಕು. ಮಗುವಿನ ಕಡೆಯಿಂದ ನೋಡಿದರೆ ಒಂದು ತಗೊಂಡರೆ ತಕ್ಷಣ ಹಾಯೆನಿಸುತ್ತದೆ, ಇನ್ನೊಂದು ತಗೊಂಡರೂ ಬಿಟ್ಟರೂ ಏನೂ ಅನಿಸಲ್ಲ. ಏನೂ ಅನಿಸದ್ದನ್ನು ಯಾಕೆ ತಗೋಬೇಕು ಅಂತ ಅವನಿಗೆ ಯಾರಾದರೂ ಹೇಳಿದ್ದಾರಾ? ಮೊದಲು ಅದನ್ನು ಹೇಳಿ. ಬೈಯುವ ಮಾತು ಆಮೇಲೆ. ನನ್ನನ್ನು ಕೇಳಿದರೆ ಬೈಯಲೇಬೇಡಿ. ಬೈದರೆ ನಾಳೆ ಉಸಿರು ಕಟ್ಟಿದ್ದನ್ನೂ ಮುಚ್ಚಿಡುತ್ತಾನೆ.

ಗಾಳಿಗೋಪುರ
ನರ್ಸಕ್ಕ, ಒಂದು ಸಣ್ಣ ಮಾತು. "ನೀಲಿ" ಅಂತ ಬಣ್ಣ ಮಾತ್ರ ಕಲಿಸಬೇಡಿ. ಬಣ್ಣ ಎಲ್ಲ ಕಂಪನಿಗೂ, ಎಲ್ಲ ದೇಶಕ್ಕೂ ಒಂದೇ ಇರಲ್ಲ. ನಮ್ಮ ಮಗಳಿಗೆ "ಸಾಲ್ಬುಟಮಾಲ್" ಅಂತ ಔಷಧಿಯ ಹೆಸರೇ ಬಾಯಿಪಾಠ ಆಗಿದೆ.

ನರ್ಸಕ್ಕ
ಬಹಳ ಒಳ್ಳೆಯ ಮಾತು. ಹೆಸರು ಕಲಿಸಿ, ಜೊತೆಗೆ "ದಿನಾ ತಗೊಳ್ಳೋದು", "ಕಷ್ಟ ಆದಾಗ ತಗೊಳ್ಳೋದು" ಅಂತ ಎರಡರ ಮೇಲೂ ದಪ್ಪ ಅಕ್ಷರದ ಚೀಟಿ ಅಂಟಿಸಿ.

ಹೊಸಬಳು
ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ದಿನಾ ಸ್ಟಿರಾಯ್ಡ್ ಅಂದರೆ ಮಕ್ಕಳ ಎತ್ತರ ನಿಂತುಹೋಗಲ್ವಾ? ನಮ್ಮ ಮನೆಯಲ್ಲಿ ಇದೇ ಜಗಳ.

ಫಾರ್ಮಸಿಸ್ಟ್_ಕಂ_ಅಪ್ಪ
ನಿಲ್ಲಲ್ಲ. ಸ್ವಲ್ಪ ಪರಿಣಾಮ ಇದೆ, ಅದನ್ನು ಮುಚ್ಚಿಡುವುದೂ ಬೇಡ. ಅಮೆರಿಕದ ಕ್ಯಾಂಪ್ ಅನ್ನುವ ದೊಡ್ಡ ಅಧ್ಯಯನದಲ್ಲಿ 5ರಿಂದ 12 ವರ್ಷದ ಮಕ್ಕಳಿಗೆ ವರ್ಷಗಟ್ಟಲೆ ಬುಡೆಸೊನೈಡ್ ಅನ್ನುವ ಸ್ಟಿರಾಯ್ಡ್ ಇನ್ಹೇಲರ್ ಕೊಟ್ಟು, ಅವರು ದೊಡ್ಡವರಾದ ಮೇಲೆ ಎತ್ತರ ಅಳೆದರು. 2012ರಲ್ಲಿ ಫಲಿತಾಂಶ ಬಂತು. ಔಷಧಿ ಇಲ್ಲದ ಇನ್ಹೇಲರ್ ತೆಗೆದುಕೊಂಡವರಿಗಿಂತ ಸರಾಸರಿ 1.2 ಸೆಂ.ಮೀ. ಕಡಿಮೆ ಇತ್ತು. ಅಷ್ಟೇ. ಇನ್ನೊಂದು ತಕ್ಕಡಿಗೆ ರಾತ್ರಿ ನಿದ್ದೆ ಇಲ್ಲದ್ದು, ಶಾಲೆ ತಪ್ಪಿದ್ದು, ಆಸ್ಪತ್ರೆಗೆ ಓಡಿದ್ದು ಎಲ್ಲ ಹಾಕಿ ನೋಡಿ. ಕೆಲಸ ಆಗುವಷ್ಟೇ ಕಡಿಮೆ ಡೋಸ್‌ನಲ್ಲಿ ಇಡುವುದು ಡಾಕ್ಟರ ಗುರಿ. ಅದಕ್ಕೇ ಆಗಾಗ ತೋರಿಸಬೇಕು, ಎತ್ತರವನ್ನೂ ಅಳೆಸಬೇಕು.

ಪ್ರಮಾಣದ ಬಗ್ಗೆಯೂ ಹೇಳುತ್ತೇನೆ. ಸಾಲ್ಬುಟಮಾಲ್ ಒಂದು ಪಫ್ ಅಂದರೆ 100 ಮೈಕ್ರೋಗ್ರಾಂ. ಅದೇ ಔಷಧಿಯ ಮಾತ್ರೆ 2 ಮಿಲಿಗ್ರಾಂ ಇರುತ್ತದೆ, ಅಂದರೆ 20 ಪಟ್ಟು. ಮಾತ್ರೆಗೆ ಹೆದರದವರು ಇನ್ಹೇಲರ್‌ಗೆ ಹೆದರುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ಮೌನರಾಗ
ಇನ್ಹೇಲರ್ ಒಮ್ಮೆ ಶುರು ಮಾಡಿದರೆ ಚಟ ಆಗುತ್ತದಂತೆ?

ಫಾರ್ಮಸಿಸ್ಟ್_ಕಂ_ಅಪ್ಪ
ಚಟ ಆಗಲ್ಲ. ಆದರೆ ಸಾಲ್ಬುಟಮಾಲ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ ಅಂತ ಅರ್ಥ. ಆಗ ಡಾಕ್ಟರ ಹತ್ತಿರ ಹೋಗಿ.

ಪಿಟಿ ಮಾಸ್ತರ್
ಆಟದ ಬಯಲಿನ ಕಡೆಯಿಂದ ನಾನು ಮಾತಾಡುತ್ತೇನೆ. @ನೀಲಿಹಕ್ಕಿ ಮೇಡಂ, ನಿಮ್ಮ ಮಗ ಹೇಳಲ್ಲ ಅಂದಿರಲ್ಲ, ಬಹಳ ಮಕ್ಕಳು ಹೇಳಲ್ಲ. ಅವರನ್ನು ನೋಡಿ ಗುರುತಿಸಬೇಕು. ಚೆಂಡಿನ ಹಿಂದೆ ಓಡುತ್ತಿದ್ದ ಹುಡುಗ ನಿಧಾನಕ್ಕೆ ಅಂಚಿಗೆ ಸರಿಯುತ್ತಾನೆ. ಶೂ ಲೇಸ್ ಕಟ್ಟುವವನ ಹಾಗೆ ಬಗ್ಗುತ್ತಾನೆ, ಲೇಸ್ ಬಿಚ್ಚಿಯೇ ಇರಲ್ಲ. ಎರಡೂ ಕೈ ಮಂಡಿ ಮೇಲೆ, ಭುಜ ಕಿವಿಯ ಹತ್ತಿರಕ್ಕೆ ಎದ್ದಿರುತ್ತದೆ. ಮಾತಾಡಿಸಿದರೆ ಒಂದೊಂದೇ ಪದದಲ್ಲಿ ಉತ್ತರ. ಬೇರೆ ಮಕ್ಕಳಿಗೆ ಓಡಿದ ಸುಸ್ತು ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಇವರಿಗೆ ನಿಂತ ಮೇಲೆ ಇನ್ನೂ ಜಾಸ್ತಿ ಆಗುತ್ತದೆ, ಒಣ ಕೆಮ್ಮು ಬರುತ್ತದೆ.

ನಮ್ಮಲ್ಲಿ ನಿಯಮ ಒಂದೇ. ಪಫ್ ಕೇಳಿದವನನ್ನು ಆಟದಿಂದ ತೆಗೆಯಲ್ಲ. ಪಫ್ ತಗೊಂಡು, ಕೂತು, ಉಸಿರು ಪೂರ್ತಿ ಸರಿ ಆದ ಮೇಲೆ ವಾಪಸ್ ಅದೇ ಜಾಗಕ್ಕೆ ಆಡಲು ಬರಬಹುದು. ಈ ಮಾತು ಕೊಟ್ಟ ಮೇಲೆ ಮಕ್ಕಳು ತಾವಾಗಿಯೇ ಬಂದು ಹೇಳತೊಡಗಿದರು. ಆಟಕ್ಕೆ ಮುಂಚೆ ಹತ್ತು ನಿಮಿಷ ನಿಧಾನದ ವಾರ್ಮ್ ಅಪ್ ಮಾಡಿಸುತ್ತೇನೆ. ಡಾಕ್ಟರ್ ಬರೆದುಕೊಟ್ಟಿದ್ದರೆ ಆಟಕ್ಕೆ 10–15 ನಿಮಿಷ ಮೊದಲು ಸಾಲ್ಬುಟಮಾಲ್.

ಆಸ್ತಮಾ ಇದ್ದರೆ ಓಡಬಾರದು ಅನ್ನುವವರಿಗೆ ನಾನು ಪೌಲಾ ರಾಡ್‌ಕ್ಲಿಫ್ ಹೆಸರು ಹೇಳುತ್ತೇನೆ. ಅವರಿಗೆ ಹದಿಹರೆಯದಿಂದ ಆಸ್ತಮಾ. 2003ರ ಲಂಡನ್ ಮ್ಯಾರಥಾನ್ ಅನ್ನು 2 ಗಂಟೆ 15 ನಿಮಿಷ 25 ಸೆಕೆಂಡ್‌ನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಹೆಪ್ಟಾಥ್ಲಾನ್‌ನಲ್ಲಿ 1988 ಮತ್ತು 1992ರ ಒಲಿಂಪಿಕ್ಸ್ ಚಿನ್ನ ಗೆದ್ದ ಜಾಕಿ ಜಾಯ್ನರ್ ಕರ್ಸಿಗೂ ಆಸ್ತಮಾ.

ಕಾಡುಮಲ್ಲಿಗೆ
ಮಾಸ್ತರೇ, ನಿಮ್ಮಂಥವರು ಎಲ್ಲ ಶಾಲೆಯಲ್ಲೂ ಇದ್ದಿದ್ದರೆ! ನಮ್ಮ ಮಗಳ ಶಾಲೆಯಲ್ಲಿ ಇನ್ಹೇಲರ್ ಆಫೀಸಿನ ಬೀರುವಿನಲ್ಲಿ, ಬೀಗ ಹಾಕಿ. ಕೀಲಿ ಇರುವವರು ರಜೆಯಲ್ಲಿದ್ದರೆ?

ತರಗತಿ ಟೀಚರ್
ಟೀಚರ್‌ಗಳ ಕಷ್ಟವನ್ನೂ ನೋಡಿ. ಬ್ಯಾಗಿನಲ್ಲಿ ಬಿಟ್ಟರೆ ಬೇರೆ ಮಕ್ಕಳು ತೆಗೆದು ಆಟ ಆಡುತ್ತಾರೆ. ಏನಾದರೂ ಹೆಚ್ಚುಕಮ್ಮಿ ಆದರೆ ಯಾರನ್ನು ಕೇಳುತ್ತಾರೆ? ನಮ್ಮನ್ನೇ.

ಕಾಡುಮಲ್ಲಿಗೆ
ಮೇಡಂ, ಬೇರೆ ಮಗು ಒಂದು ಪಫ್ ಎಳೆದರೆ ಸ್ವಲ್ಪ ಹೊತ್ತು ಎದೆ ಡವಡವ ಅನ್ನಬಹುದು, ಕೈ ನಡುಗಬಹುದು. ಬೇಕಾದ ಮಗುವಿಗೆ ಸಿಗದಿದ್ದರೆ ಜೀವಕ್ಕೇ ಅಪಾಯ. ಎರಡೂ ಒಂದೇ ಅಲ್ಲ.

ನರ್ಸಕ್ಕ
ಜಗಳ ಬೇಡ, ಇದಕ್ಕೆ ದಾರಿ ಇದೆ. ತಾನೇ ತೆಗೆದುಕೊಳ್ಳಬಲ್ಲ ಮಗುವಿನ ಹತ್ತಿರ ಒಂದು, ತರಗತಿಯಲ್ಲಿ ಬೀಗ ಇಲ್ಲದ ಎತ್ತರದ ಜಾಗದಲ್ಲಿ ಇನ್ನೊಂದು, ಎರಡರ ಮೇಲೂ ಹೆಸರು. ಜೊತೆಗೆ ಡಾಕ್ಟರ್ ಬರೆದುಕೊಟ್ಟ ಆಸ್ತಮಾ ಪ್ಲಾನ್‌ನ ಒಂದು ಪ್ರತಿ. ಟೀಚರ್ ಮೇಡಂ, ಹಾಳೆ ಕೈಯಲ್ಲಿದ್ದರೆ ನಿಮಗೂ ಧೈರ್ಯ, ಏನು ಮಾಡಬೇಕು ಅಂತ ಅದರಲ್ಲೇ ಇರುತ್ತದೆ.

ತರಗತಿ ಟೀಚರ್
ಹಾಗೆ ಬರೆದು ಕೊಟ್ಟರೆ ನಮ್ಮದೇನೂ ಅಡ್ಡಿ ಇಲ್ಲ. ಬಹಳ ಅಪ್ಪ ಅಮ್ಮಂದಿರು ಮಗುವಿಗೆ ಆಸ್ತಮಾ ಇದೆ ಅಂತಲೇ ನಮಗೆ ಹೇಳಲ್ಲ. ಅದನ್ನೂ ಇಲ್ಲಿ ಬರೆಯಿರಿ.

ಹದಿನೇಳರ ಹುಡುಗ
ನನಗೆ ಚಿಕ್ಕಂದಿನಿಂದ ಆಸ್ತಮಾ. ಇಲ್ಲಿ ದೊಡ್ಡವರೇ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಎಲ್ಲರ ಮುಂದೆ ಸ್ಪೇಸರ್ ತೆಗೆಯುವುದು ಕಷ್ಟ. ಎಲ್ಲರೂ ತಿರುಗಿ ನೋಡುತ್ತಾರೆ. ಮನೆಯಲ್ಲಿ "ಉಬ್ಬಸ ಬಂತು" ಅಂದ ಕೂಡಲೇ ಅಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಆ ಮುಖ ನೋಡಬಾರದು ಅಂತಲೇ ಎಷ್ಟೋ ಸಲ ಸುಮ್ಮನಿರುತ್ತಿದ್ದೆ. ಆಸ್ತಮಾಗಿಂತ ಅದು ಜಾಸ್ತಿ ಹೆದರಿಕೆ. ನಿಮ್ಮ ಮಗ ಹೇಳಿದಾಗ "ಸರಿ, ತಗೊಳ್ಳೋಣ ಬಾ" ಅಂತ ಮಾಮೂಲಿ ದನಿಯಲ್ಲಿ ಹೇಳಿ ಆಂಟಿ. ಒಳಗೆ ಎಷ್ಟು ಹೆದರಿಕೆ ಇದ್ದರೂ ಪರವಾಗಿಲ್ಲ.

ಇನ್ನೊಂದು. "ಉಸಿರು ಕಟ್ಟುತ್ತಾ?" ಅಂತ ಕೇಳಬೇಡಿ. ಚಿಕ್ಕವನಿದ್ದಾಗ ನನಗೆ ಉಸಿರು ಕಟ್ಟುವುದು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಎದೆ ಮೇಲೆ ಪುಸ್ತಕದ ಬ್ಯಾಗ್ ಇಟ್ಟ ಹಾಗೆ ಅನಿಸುತ್ತಿತ್ತು. ನರ್ಸ್ ಒಬ್ಬರು ಅದನ್ನು ಕೇಳಿಸಿಕೊಂಡು, "ಸರಿ, ಬ್ಯಾಗ್ ಬಂದ ತಕ್ಷಣ ಹೇಳು" ಅಂದರು. ಆಮೇಲೆ ಮನೆಯಲ್ಲೂ ಅದೇ ಮಾತು. "ಅಮ್ಮ, ಬ್ಯಾಗ್" ಅಂದರೆ ಸಾಕಾಗಿತ್ತು.

ನೀಲಿಹಕ್ಕಿ
@ಹದಿನೇಳರ ಹುಡುಗ, ಕಣ್ಣಲ್ಲಿ ನೀರು ಬಂತು ಕಂದ. ಇವತ್ತು ಸಂಜೆಯೇ ಅವನನ್ನು ಕೇಳುತ್ತೇನೆ, ಅವನಿಗೆ ಹೇಗೆ ಅನಿಸುತ್ತದೆ ಅಂತ.

ನರ್ಸಕ್ಕ
ಅವನು ಹೇಳಿದ್ದೇ ನಿಜವಾದ ಪಾಠ. ಕೆಲವು ಮಕ್ಕಳಿಗೆ ಗಂಟಲು ತುರಿಸುತ್ತದೆ, ಕೆಲವರಿಗೆ ಹೊಟ್ಟೆ ನೋವು ಅನಿಸುತ್ತದೆ, ಕೆಲವರು ಬರೀ ಕಿರಿಕಿರಿ ಮಾಡುತ್ತಾರೆ. ಅವರವರ ಗುರುತು ಅವರವರ ಮಾತಲ್ಲೇ ಇರಲಿ. @ಹದಿನೇಳರ ಹುಡುಗ, ನೀನು ಈಗ ಯಾವ ಇನ್ಹೇಲರ್ ತಗೋತಿದ್ದೀಯಪ್ಪ?

ಹದಿನೇಳರ ಹುಡುಗ
ಈಗ ಒಂದೇ. ಬುಡೆಸೊನೈಡ್, ಫಾರ್ಮೊಟೆರಾಲ್ (ಬಿಗಿದ ಸ್ನಾಯು ಸಡಿಲ ಮಾಡುವುದು) ಎರಡೂ ಸೇರಿರುವುದು. ಕಷ್ಟ ಆದಾಗಲೂ ಅದೇ. ಜೇಬಲ್ಲಿ ಹಿಡಿಯುತ್ತದೆ.

ನರ್ಸಕ್ಕ
ಸರಿ. 12 ದಾಟಿದವರಿಗೆ ಬರೀ ಸಾಲ್ಬುಟಮಾಲ್ ಮೇಲೆ ನಡೆಸುವುದು ಬೇಡ, ಸ್ಟಿರಾಯ್ಡ್ ಜೊತೆಗಿರಲಿ ಅಂತ ಜಾಗತಿಕ ಆಸ್ತಮಾ ಮಾರ್ಗಸೂಚಿ, ಅಂದರೆ ಗಿನಾ, 2019ರಿಂದ ಹೇಳುತ್ತಿದೆ. ಚಿಕ್ಕ ಮಕ್ಕಳ ಲೆಕ್ಕ ಬೇರೆ. ಯಾರೂ ನೀವಾಗಿಯೇ ಬದಲಾಯಿಸಬೇಡಿ, ಡಾಕ್ಟರನ್ನು ಕೇಳಿ.

ಸಂಜೆಮಳೆ
ಕೌಂಟರ್ ಇಲ್ಲದ ಇನ್ಹೇಲರ್ ಇದ್ದವರಿಗೆ ಒಂದು ಉಪಾಯ. ಡಬ್ಬಿಯನ್ನು ನೀರಲ್ಲಿ ಹಾಕಿ. ಮುಳುಗಿದರೆ ತುಂಬಿದೆ, ತೇಲಿದರೆ ಖಾಲಿ.

ಫಾರ್ಮಸಿಸ್ಟ್_ಕಂ_ಅಪ್ಪ
ದಯವಿಟ್ಟು ಮಾಡಬೇಡಿ. ಅದನ್ನು ನಂಬಲಾಗದು, ನೀರು ಹೋಗಿ ಕವಾಟವೂ ಕಟ್ಟಿಕೊಳ್ಳಬಹುದು. ಅಲುಗಾಡಿಸಿದಾಗ ಸದ್ದು ಬಂದರೆ ಔಷಧಿ ಇದೆ ಅನ್ನುವುದೂ ಸರಿಯಲ್ಲ. ಔಷಧಿ ಮುಗಿದ ಮೇಲೂ ಒಳಗಿನ ಒತ್ತಡದ ಅನಿಲ ಬುಸ್ ಅನ್ನುತ್ತದೆ. ಪೆಟ್ಟಿಗೆಯ ಮೇಲೆ 200 ಪಫ್ ಅಂತಲೋ 120 ಅಂತಲೋ ಇರುತ್ತದೆ. ದಿನಕ್ಕೆ ಎಷ್ಟು ಅಂತ ಭಾಗಿಸಿ, ಮುಗಿಯುವ ತಾರೀಕನ್ನು ಇನ್ಹೇಲರ್ ಮೇಲೇ ಬರೆಯಿರಿ. ಬೇಕಾದರೆ ಮಗುವಿನ ಕೈಲೇ ಭಾಗಾಕಾರ ಮಾಡಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಇಡಬೇಡಿ.

ಸಂಜೆಮಳೆ
ಓ, ಗೊತ್ತಿರಲಿಲ್ಲ. ಧನ್ಯವಾದ ಸರ್.

ಬೆಕ್ಕಿನ ಗೆಳತಿ
ಸ್ವಲ್ಪ ಬೇರೆ ವಿಷಯ. ಆಸ್ತಮಾ ಇದ್ದರೆ ಬೆಕ್ಕನ್ನು ಮನೆಯಿಂದ ಕಳಿಸಲೇಬೇಕಾ? ಮಗಳು ಊಟ ಬಿಟ್ಟಿದ್ದಾಳೆ.

ಗಾಳಿಗೋಪುರ
ಮೊದಲು ಬೆಕ್ಕಿನ ಅಲರ್ಜಿ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಎಲ್ಲರಿಗೂ ಇರಲ್ಲ. ಇದ್ದರೆ ಮಲಗುವ ಕೋಣೆಗೆ ಬಿಡದಿರುವುದು ಸಾಲದು, ಬೆಕ್ಕಿನ ಅಲರ್ಜಿಯ ಧೂಳು ಮನೆಯಿಡೀ ಹರಡುತ್ತದೆ. ಬೆಕ್ಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ.

ಇಬ್ಬರ ಅಪ್ಪ
ಬೆಕ್ಕಿಗಿಂತ ಮೊದಲು ಮನೆಯಲ್ಲಿ ಸಿಗರೇಟ್ ಸೇದುವವರನ್ನು ಹೊರಗೆ ಕಳಿಸಿ. ಬಾಲ್ಕನಿಯಲ್ಲಿ ಸೇದಿ ಬಂದರೂ ಬಟ್ಟೆಯಲ್ಲಿ ಬರುತ್ತದೆ.

ನರ್ಸಕ್ಕ
ಅಪ್ಪ ಅವರೇ, ಇದಕ್ಕೆ ಮಾತ್ರ ನಿಮ್ಮ ಜೊತೆ ಪೂರ್ತಿ ನಿಲ್ಲುತ್ತೇನೆ.

ಅಳತೆಗೋಲು
ಯಾರೂ ಪೀಕ್ ಫ್ಲೋ ಮೀಟರ್ ಬಗ್ಗೆ ಹೇಳಲಿಲ್ಲ. ಜೋರಾಗಿ ಊದುವ ಕೊಳವೆ, ಮುಳ್ಳು ಎಲ್ಲಿಗೆ ಹೋಗುತ್ತದೆ ಅಂತ ನೋಡುವುದು. ಮಗು ಆರಾಮವಾಗಿರುವ ಎರಡು ವಾರ ದಿನಾ ಊದಿಸಿ, ಅದರಲ್ಲಿ ಬಂದ ಹೆಚ್ಚಿನ ಸಂಖ್ಯೆ ಅವನ ಗರಿಷ್ಠ. ಅದರ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು. ನಮ್ಮ ಮಗನಿಗೆ ಹಾಳೆಯಲ್ಲಿ ಚುಕ್ಕಿ ಇಡುವುದು ಇಷ್ಟ. ನಾವು ಹೇಳುವ ಮೊದಲೇ "ಇವತ್ತು ಹಳದಿ" ಅಂತಾನೆ.

ಗಾಳಿಗೋಪುರ
ನಮಗೆ ಅದು ಆಗಿಬರಲಿಲ್ಲ. ಮಗಳು ಮನಸ್ಸಿದ್ದ ದಿನ ಜೋರಾಗಿ ಊದುತ್ತಿದ್ದಳು, ಇಲ್ಲದ ದಿನ ಇಲ್ಲ. ಲಕ್ಷಣ ನೋಡಿ ನಡೆಸುವುದೇ ನಮಗೆ ಸರಿ ಹೋಯಿತು.

ಅಳತೆಗೋಲು
ಮೂರು ಸಲ ಊದಿಸಿ, ಮೂರರಲ್ಲಿ ಹೆಚ್ಚಿನದನ್ನು ಬರೆಯಬೇಕು. ನಿಂತು ಊದಿಸಬೇಕು.

ನರ್ಸಕ್ಕ
5–6 ವರ್ಷಕ್ಕಿಂತ ಚಿಕ್ಕವರಿಗೆ ಅದು ಕಷ್ಟ. ದೊಡ್ಡವರಲ್ಲೂ ಎಲ್ಲರಿಗೂ ಬೇಕಾಗಿಲ್ಲ. ತನಗೆ ಕಷ್ಟ ಆಗುತ್ತಿದೆ ಅಂತ ಗೊತ್ತೇ ಆಗದ ಮಕ್ಕಳಿರುತ್ತಾರೆ, ಅವರಿಗೆ ಬಹಳ ಉಪಯೋಗ. ಪ್ಲಾನ್ ಮಾತ್ರ ಎಲ್ಲರಿಗೂ ಬರಹದಲ್ಲೇ ಇರಬೇಕು.

ನೀಲಿಹಕ್ಕಿ
ಎಲ್ಲರಿಗೂ ಧನ್ಯವಾದ. ನಿನ್ನೆ ಮೂರು ಕೆಲಸದ ಮಾತನ್ನು ಅವನಿಗೆ ಹೇಳಿದೆ. "ನೆನಪಿಡೋದು ನನ್ನ ಕೆಲಸ, ಮಾಡೋದು ನಿನ್ನ ಕೆಲಸ" ಅಂದೆ. ಕೌಂಟರ್ ವಿಷಯ ಎತ್ತಲೇ ಇಲ್ಲ. ಊದಿಕೊಂಡ ಕೊಳವೆ, ಸರಿಯಾದ ಕೊಳವೆ ಎರಡನ್ನೂ ಚಿತ್ರ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಕೆಮ್ಮು ಇಲ್ಲದಾಗಲೂ ಒಳಗೆ ಊದಿಕೊಂಡೇ ಇರುತ್ತಾ?" ಅಂತ ಕೇಳಿದ. ಆ ಪ್ರಶ್ನೆ ಕೇಳಿ ನನಗೇ ಆಶ್ಚರ್ಯ.

ಆಮೇಲೆ ತಂಗಿಗೆ ಇನ್ಹೇಲರ್ ತಗೊಳ್ಳೋದು ಹೇಗೆ ಅಂತ ಬಾಯಲ್ಲೇ ಹೇಳಿಕೊಡು ಅಂದೆ. ಅವನೇ ಸ್ಪೇಸರ್ ಹಿಡಿದು ಮಾಡಿ ತೋರಿಸಿದ. ಅಲುಗಾಡಿಸುವುದನ್ನು ಬಿಟ್ಟ, ಮತ್ತೆ ಎರಡು ಪಫ್ ಒಟ್ಟಿಗೆ ಒತ್ತಲು ಹೋದ. ದಿನಾ ಹಾಗೇ ಮಾಡುತ್ತಿದ್ದಾನೆ ಅಂತ ಕಾಣುತ್ತೆ. ಒಟ್ಟಿಗೆ ಒತ್ತಿದರೆ ಏನಾಗುತ್ತದೆ?

ಫಾರ್ಮಸಿಸ್ಟ್_ಕಂ_ಅಪ್ಪ
ಔಷಧಿಯ ಕಣಗಳು ಒಂದಕ್ಕೊಂದು ಸೇರಿಕೊಂಡು ಸ್ಪೇಸರ್ ಗೋಡೆಗೆ ಅಂಟುತ್ತವೆ, ಎದೆಗೆ ಹೋಗುವುದು ಕಡಿಮೆ ಆಗುತ್ತದೆ. ಒಂದು ಪಫ್, ನಿಧಾನವಾಗಿ ಎಳೆದು 10 ಸೆಕೆಂಡ್ ಹಿಡಿಯಲಿ. ಹಿಡಿಯಲು ಆಗದಿದ್ದರೆ ಸ್ಪೇಸರ್‌ನಲ್ಲೇ 5–6 ಸಲ ಮಾಮೂಲಿ ಉಸಿರಾಡಲಿ. ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ ಎರಡನೆಯದು. ಸ್ಪೇಸರ್ ಸೀಟಿ ಹೊಡೆದರೆ ಬಹಳ ಜೋರಾಗಿ ಎಳೆಯುತ್ತಿದ್ದಾನೆ ಅಂತ. ಎಲ್ಲ ಸ್ಪೇಸರ್‌ನಲ್ಲಿ ಸೀಟಿ ಇರಲ್ಲ. ಸೋಪಿನ ನೀರಲ್ಲಿ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬೇಡಿ, ತಾನೇ ಒಣಗಲಿ. ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿಯನ್ನು ಗೋಡೆಗೆ ಎಳೆದುಕೊಳ್ಳುತ್ತದೆ.

ನರ್ಸಕ್ಕ
@ನೀಲಿಹಕ್ಕಿ, ಬೇರೆಯವರಿಗೆ ಕಲಿಸುವಂತೆ ಹೇಳಿದ್ದು ಬಹಳ ಒಳ್ಳೆಯದಾಯಿತು. ಆಸ್ಟ್ರೇಲಿಯಾದಲ್ಲಿ ಟ್ರಿಪಲ್ ಎ ಅನ್ನುವ ಕಾರ್ಯಕ್ರಮ ಇದೇ ದಾರಿಯದು. ದೊಡ್ಡ ತರಗತಿಯ ಮಕ್ಕಳು ಆಸ್ತಮಾ ಬಗ್ಗೆ ಕಲಿತು ಚಿಕ್ಕ ತರಗತಿಯವರಿಗೆ ಹೇಳಿಕೊಡುತ್ತಾರೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿಯಲ್ಲಿ ಆಸ್ತಮಾ ಇದ್ದ ಮಕ್ಕಳ ದಿನನಿತ್ಯದ ಬದುಕು ಸುಧಾರಿಸಿದ್ದು ಕಂಡಿತ್ತು. 8ರಿಂದ 11ರವರಿಗೆ ಅಮೆರಿಕನ್ ಲಂಗ್ ಅಸೋಸಿಯೇಷನ್‌ನ ಓಪನ್ ಏರ್‌ವೇಸ್ ಇದೆ. 40 ನಿಮಿಷದ 6 ಪಾಠ, ಆಟ, ಕತೆ, ಪಾತ್ರ ಮಾಡಿಸುವುದು. ಮಕ್ಕಳು ಭಾಷಣ ಕೇಳಿ ಕಲಿಯಲ್ಲ, ಮಾಡಿ ಕಲಿಯುತ್ತಾರೆ.

ಇಬ್ಬರ ಅಪ್ಪ
ಎಲ್ಲ ಸರಿ. ಜೋರಾಗಿ ಬಂದಾಗ ಮಗು ಒಬ್ಬನೇ ಇದ್ದರೆ ಏನು ಮಾಡಬೇಕು? ಯಾರೂ ಅದನ್ನು ಹೇಳುತ್ತಿಲ್ಲ.

ನರ್ಸಕ್ಕ
ಅದನ್ನೇ ಬರೆಯಲು ಬಂದೆ. ಮಗುವಿಗೆ ಕಲಿಸುವುದು ಇಷ್ಟೇ: ಕೂತ್ಕೋ, ದೊಡ್ಡವರನ್ನು ಕರಿ, ಪಫ್ ತಗೋ. ಮಲಗಬಾರದು. ನೀರು ಕುಡಿದು ಬರುತ್ತೇನೆ ಅಂತ ಒಬ್ಬನೇ ಎದ್ದು ಹೋಗಬಾರದು.

ಉಳಿದದ್ದು ದೊಡ್ಡವರಿಗೆ. ಆಸ್ಟ್ರೇಲಿಯಾದಲ್ಲಿ 4 ಪಫ್, ಒಂದೊಂದಕ್ಕೂ 4 ಉಸಿರು, 4 ನಿಮಿಷ ಕಾದು ನೋಡುವುದು ಅಂತ ಕಲಿಸುತ್ತಾರೆ. ಬ್ರಿಟನ್ನಿನಲ್ಲಿ 30–60 ಸೆಕೆಂಡಿಗೆ ಒಂದರಂತೆ 10 ಪಫ್‌ವರೆಗೆ. ನಿಮ್ಮ ಡಾಕ್ಟರ್ ಪ್ಲಾನ್‌ನಲ್ಲಿ ಬರೆದದ್ದು ಯಾವುದೋ ಅದನ್ನೇ ಮಾಡಿ. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲ, ಪಕ್ಕೆಲುಬಿನ ನಡುವೆ ಅಥವಾ ಕತ್ತಿನ ಕೆಳಗೆ ಚರ್ಮ ಒಳಕ್ಕೆ ಎಳೆಯುತ್ತಿದೆ, ತುಟಿ ನೀಲಿಯಾಗುತ್ತಿದೆ, ಮಂಪರು ಬರುತ್ತಿದೆ, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಆಂಬುಲೆನ್ಸ್ ಕರೆದು, ಅದು ಬರುವವರೆಗೆ ಪಫ್ ಕೊಡುತ್ತಿರಿ. ಪಫ್ ಕೊಟ್ಟು 4 ಗಂಟೆಯೊಳಗೆ ಮತ್ತೆ ಬೇಕಾದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಮತ್ತೆ ಇದು ಬಹಳ ಮುಖ್ಯ: ಉಸಿರಿನ ಸುಂಯ್ ಸದ್ದು ನಿಂತಿತು, ಮಗು ಮಾತ್ರ ಇನ್ನೂ ಒದ್ದಾಡುತ್ತಿದೆ ಅಂದರೆ ವಾಸಿಯಾಯಿತು ಅಂತಲ್ಲ. ಸದ್ದು ಮಾಡುವಷ್ಟು ಗಾಳಿಯೂ ಹೋಗುತ್ತಿಲ್ಲ ಅಂತ ಅರ್ಥ.

ಇಬ್ಬರ ಅಪ್ಪ
ಇದನ್ನು ಬರೆದುಕೊಂಡೆ. ನನ್ನ ದೊಡ್ಡ ಮಗಳಿಗೆ 10. ಅವಳಿಗೂ ಕೂತು ಹೇಳಿಕೊಡುತ್ತೇನೆ. ಇನ್ಹೇಲರ್ ಕೊಡುವಾಗ ಪಕ್ಕದಲ್ಲಿ ನಾನಂತೂ ಇದ್ದೇ ಇರುತ್ತೇನೆ.

ಹೊಸಬಳು
ಕೊನೆಗೆ ನನ್ನದೊಂದು. ಮಗನಿಗೆ 3 ವರ್ಷ, ಮಾಸ್ಕ್ ಇಟ್ಟ ಕೂಡಲೇ ಜೋರಾಗಿ ಅಳುತ್ತಾನೆ. ಅಳುವಾಗ ಔಷಧಿ ಚೆನ್ನಾಗಿ ಒಳಗೆ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು, ನಿಜವಾ? ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ಯಂತ್ರ) ತೆಗೆದುಕೊಳ್ಳೋಣವಾ?

ನರ್ಸಕ್ಕ
ನಿಜ ಅಲ್ಲಮ್ಮ. ಅಳುವಾಗ ಎದೆಗೆ ಹೋಗುವುದು ಬಹಳ ಕಡಿಮೆ. ನೆಬ್ಯುಲೈಸರ್ ಮಾಸ್ಕ್‌ಗೂ ಹಾಗೇ ಅಳುತ್ತಾನೆ. ಸಾಮಾನ್ಯ ಉಬ್ಬಸಕ್ಕೆ ಸ್ಪೇಸರ್ ಅದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಔಷಧಿ ಇಲ್ಲದ ಹೊತ್ತಲ್ಲಿ ಮಾಸ್ಕ್ ಆಡಲು ಕೊಡಿ. ಗೊಂಬೆಗೆ ಹಾಕಲಿ, ನಿಮಗೆ ಹಾಕಲಿ, ತಾನೇ ಮುಖಕ್ಕೆ ಒತ್ತಿಕೊಳ್ಳಲಿ. ಕೊಡುವಾಗ ತೊಡೆ ಮೇಲೆ ಕೂರಿಸಿಕೊಂಡು, ಮೂಗು ಬಾಯಿ ಎರಡೂ ಮುಚ್ಚುವ ಹಾಗೆ ಹಿಡಿದು ಆರು ಉಸಿರು ಎಣಿಸಿ. ಎಣಿಸುವುದು ಅವನಿಗೂ ಬಂದರೆ ಅವನೇ ಎಣಿಸಲಿ.

ಹೊಸಬಳು
ಆರರವರೆಗೆ ಬರುತ್ತೆ ಅಕ್ಕ. ನಾಲ್ಕನ್ನು ಯಾವಾಗಲೂ ಬಿಟ್ಟುಬಿಡುತ್ತಾನೆ.

ನರ್ಸಕ್ಕ
ಹಾಗಾದರೆ ಏಳರವರೆಗೆ ಹೇಳಿಕೊಡಿ.